ಊರ ಕೆರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬಯಲುಸೀಮೆ ಕೆರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರಗಳಿವು. ಮಲೆನಾಡಿನವರಿಗೆ ಇದರಲ್ಲಿ ಅರ್ಧ ಮಾತ್ರ ಹೊಂದೀತು. ಕೆರೆ ಕೆಲಸಕ್ಕೆ ಕೈಹಾಕಿದ ಊರಿನವರು, ಕೈಹಾಕಬೇಕೆಂದು ಹೊರಟ ಯುವಕ ಸಂಘದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ.

ಮಳೆ ಚೆನ್ನಾಗಿಯೇ ಬಂತು. ಆದರೂ ನಮ್ಮ ಕೆರೆ ಯಾಕೆ ತುಂಬಲಿಲ್ಲ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಉತ್ತರ ಕೆರೆಯೊಳಗೆ ಸಿಗುವುದಿಲ್ಲ, ಕೆರೆಯ ಮೇಲ್ಗಡೆ ಸಿಗುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ನಿಮ್ಮ ಕೆರೆಗೆ ನೀರು ಹರಿದು ಬರುವ ನೆಲ 500 ಎಕರೆ ಎಂದುಕೊಳ್ಳಿ. ಒಂದೇ ಹದವಾದ ಮಳೆಗೆ ಅಲ್ಲಿ ಬೀಳುವುದು 5 ಕೋಟಿ ಲೀಟರ್. ಹೆಚ್ಚಿನದನ್ನು ನೆಲ ಕುಡಿಯುತ್ತದೆ, ಕುಡಿಯಲೂಬೇಕು. ಹತ್ತರಲ್ಲಿ ಒಂದು ಪಾಲು ಹರಿದು ಬಂದರೂ 50 ಲಕ್ಷ ಲೀಟರ್ ಕೆರೆ ಸೇರಬೇಕು. ಸೇರದಿದ್ದರೆ ದಾರಿಯಲ್ಲಿ ಎಲ್ಲೋ ತಡೆ ಇದೆ ಎಂದರ್ಥ.

ಕೆರೆಗೆ ನೀರು ತರುವ ಕಾಲುವೆಯನ್ನು ಹೊಲದವರು ಉತ್ತು ಸೇರಿಸಿಕೊಂಡಿರುತ್ತಾರೆ. ಇಲ್ಲವೇ ಹೊಸ ರಸ್ತೆ ಮಾಡುವಾಗ ಮೋರಿಯ ಪೈಪನ್ನು ಕಾಲುವೆಯ ತಳಕ್ಕಿಂತ ಒಂದು ಅಡಿ ಮೇಲೆ ಕೂರಿಸಿರುತ್ತಾರೆ. ನೀರು ರಸ್ತೆಯ ಆ ಬದಿಯಲ್ಲೇ ನಿಂತು ಇಂಗುತ್ತದೆ. ಬಡಾವಣೆಯವರು ಕಾಲುವೆಯನ್ನು ಚರಂಡಿ ಮಾಡಿ ಇನ್ನೆಲ್ಲಿಗೋ ತಿರುಗಿಸಿರುವುದೂ ಉಂಟು. ಮೇಲ್ಗಡೆಯ ಕೃಷಿ ಹೊಂಡ, ಚೆಕ್ ಡ್ಯಾಂಗಳನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಅವೂ ನೀರು ಹಿಡಿಯುವ ಒಳ್ಳೆಯ ಕೆಲಸವೇ, ತಕರಾರಿಲ್ಲ. ಆದರೆ ಅಲ್ಲಿ ನಿಂತ ನೀರು ಕೆರೆಗೆ ಬರಬೇಕಾಗಿದ್ದ ನೀರು. ಮೇಲಿನವರು, ಕೆಳಗಿನವರು ಕೂತು ಮಾತಾಡದೆ ಎರಡನ್ನೂ ಮಾಡಿದರೆ ಕೊನೆಗೆ ಒಣಗುವುದು ಕೆರೆ.

ತಡೆ ಎಲ್ಲಿದೆ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಡ. ಜೋರು ಮಳೆ ಬರುವಾಗ ಕೊಡೆ ಹಿಡಿದು, ಕೆರೆಗೆ ನೀರು ಬೀಳುವ ಜಾಗದಿಂದ ಮೇಲಕ್ಕೆ ಕಾಲುವೆಯುದ್ದಕ್ಕೂ ನಡೆದು ಬನ್ನಿ. ಬೇಸಿಗೆಯಲ್ಲಿ ಹೋದರೆ ಹುಲ್ಲು ಮಾತ್ರ ಕಾಣುತ್ತದೆ.

ಹೂಳೆತ್ತಿಸಿದರೆ ಎಲ್ಲ ಸರಿಹೋಗುತ್ತದಲ್ಲವೇ?

ಕಾಲುವೆ ಸರಿಯಿದ್ದರೆ ಹೌದು. ಇಲ್ಲದಿದ್ದರೆ ದೊಡ್ಡ ಖಾಲಿ ಗುಂಡಿ ತೋಡಿದಂತಾಯಿತು. ನನ್ನ ಪ್ರಕಾರ ದುಡ್ಡು ಖರ್ಚಾಗಬೇಕಾದ ಕ್ರಮ ಹೀಗೆ: ಮೊದಲು ಕಾಲುವೆ, ಆಮೇಲೆ ಏರಿ (ನೀರು ತಡೆಯುವ ಮಣ್ಣಿನ ಕಟ್ಟೆ), ತೂಬು (ಹೊಲಕ್ಕೆ ನೀರು ಬಿಡುವ ಕಂಡಿ) ಮತ್ತು ಕೋಡಿ (ತುಂಬಿ ಹೆಚ್ಚಾದ ನೀರು ಹೊರಹೋಗುವ ಜಾಗ), ಆಮೇಲೆ ಹೂಳು. ನಮ್ಮಲ್ಲಿ ಆಗುವುದು ಇದರ ತದ್ವಿರುದ್ಧ. ಹಿಟಾಚಿ ಬಂದು ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ, ಬಿಲ್ಲೂ ಚೆನ್ನಾಗಿ ಆಗುತ್ತದೆ.

ಹೂಳಿನ ಲೆಕ್ಕ ತಿಳಿದಿರಲಿ. ಒಂದು ಹೆಕ್ಟೇರ್ ಜಾಗದಲ್ಲಿ ಒಂದು ಮೀಟರ್ ಆಳ ತೆಗೆದರೆ 10,000 ಘನ ಮೀಟರ್ ಮಣ್ಣು. ಆ ಜಾಗದಲ್ಲಿ ಹೊಸದಾಗಿ ನಿಲ್ಲುವ ನೀರು 1 ಕೋಟಿ ಲೀಟರ್. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಅಮೃತ ಸರೋವರ ಯೋಜನೆಯಲ್ಲಿ ಒಂದು ಸರೋವರಕ್ಕೆ ಇರಬೇಕಾದ ಸಾಮರ್ಥ್ಯವೂ ಇಷ್ಟೇ. ಟ್ರ್ಯಾಕ್ಟರ್ ಟ್ರೇಲರಿಗೆ ಮೂರು ಘನ ಮೀಟರ್ ಹಿಡಿದರೂ ಮೂರು ಸಾವಿರಕ್ಕೂ ಹೆಚ್ಚು ಲೋಡು. 'ಒಂದು ವಾರದಲ್ಲಿ ಇಡೀ ಕೆರೆ ಹೂಳೆತ್ತಿದೆವು' ಎಂದು ಯಾರಾದರೂ ಹೇಳಿದರೆ ಎಷ್ಟು ಲೋಡು ಹೋಯಿತು ಎಂದು ಕೇಳಿ.

ಆಳ ಮಾಡುವುದರಿಂದ ಇನ್ನೊಂದು ಲಾಭವಿದೆ. ಬೇಸಿಗೆಯಲ್ಲಿ ನಮ್ಮ ಕಡೆ ತೆರೆದ ನೀರಿನಿಂದ ದಿನಕ್ಕೆ 5 ಮಿಲಿಮೀಟರ್‌ನಷ್ಟು ಆವಿಯಾಗುತ್ತದೆ. ಹೆಕ್ಟೇರಿಗೆ ದಿನಕ್ಕೆ 50,000 ಲೀಟರ್ ಬಿಸಿಲಿಗೇ ಹೋಯಿತು. ಅಗಲವಾಗಿ, ತೆಳುವಾಗಿ ಹರಡಿದ ನೀರಿಗಿಂತ ಆಳದಲ್ಲಿ ನಿಂತ ನೀರು ಹೆಚ್ಚು ದಿನ ಬಾಳುತ್ತದೆ.

ಆದರೆ ಎಲ್ಲಿ ಬೇಕೆಂದರಲ್ಲಿ ಅಗೆಯುವಂತಿಲ್ಲ. ಏರಿಯ ಬುಡದಲ್ಲಿ ಅಗೆದರೆ ಏರಿಯೇ ಕೂರುತ್ತದೆ. ಬಾವಿಯಂತೆ ನೆಟ್ಟಗೆ ಕಡಿದ ಗುಂಡಿಗಳು ನೀರು ತುಂಬಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಎಮ್ಮೆ ಮೈತೊಳೆಯಲು ಇಳಿದ ಹುಡುಗರು, ಈಜಲು ಹೋದ ಮಕ್ಕಳು ಮುಳುಗುವುದು ಇಂಥ ಕಡೆಯೇ. ದಂಡೆಯಿಂದ ಇಳಿಜಾರಾಗಿ ಆಳಕ್ಕೆ ಹೋಗುವಂತೆ ತೆಗೆಸಿ. ಗುತ್ತಿಗೆದಾರ ಒಪ್ಪದಿದ್ದರೆ ಕೆಲಸ ನಿಲ್ಲಿಸಿ.

ಕೆರೆ ಮಣ್ಣು ಹೊಲಕ್ಕೆ ಒಳ್ಳೆಯದೇ?

ಕೆಂಪು ಮರಳು ಮಣ್ಣಿನ ಹೊಲಕ್ಕೆ ತುಂಬ ಒಳ್ಳೆಯದು; ಗೊಬ್ಬರಕ್ಕಿಂತ ಮುಖ್ಯವಾಗಿ ತೇವ ಹಿಡಿಯುವ ಗುಣಕ್ಕೆ. ಕಪ್ಪು ಎರೆಭೂಮಿಗೆ ಅಷ್ಟು ಪ್ರಯೋಜನವಿಲ್ಲ, ಅಲ್ಲಿ ಜೇಡಿ ಈಗಾಗಲೇ ಬೇಕಾದಷ್ಟಿದೆ.

ಎಲ್ಲ ಹೂಳೂ ಒಂದೇ ಅಲ್ಲ. ಕಾಲುವೆ ಬಂದು ಕೆರೆಗೆ ಬೀಳುವ ಬಾಯಲ್ಲಿ ಸಿಗುವುದು ಮರಳು. ಏರಿಯ ಕಡೆ ಬಂದಂತೆ ಮಣ್ಣು ನುಣುಪಾಗುತ್ತದೆ, ಬೇಸಿಗೆಯಲ್ಲಿ ಅಂಗೈ ಅಗಲಕ್ಕೆ ಬಿರುಕು ಬಿಟ್ಟಿರುತ್ತದೆ. ಹೊಲಕ್ಕೆ ಬೇಕಾದ್ದು ಇದು. ಒಂದು ಹಿಡಿ ತೆಗೆದು ನೀರು ಚಿಮುಕಿಸಿ ಕೈಯಲ್ಲಿ ಹೊಸೆಯಿರಿ. ಶಾವಿಗೆಯಂತೆ ಎಳೆ ಬಂದರೆ ಲೋಡು ಹಾಕಿಸಿ, ಉದುರಿದರೆ ಬೇಡ. ಪೇಟೆಯ ಕೊಳಚೆ, ಕಾರ್ಖಾನೆ ನೀರು ಸೇರುವ ಕೆರೆಯ ಮಣ್ಣನ್ನು ಮಾತ್ರ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಮುಟ್ಟಬೇಡಿ. ಇನ್ನೊಂದು ಮಾತು: ರೈತರ ಹೆಸರಿನಲ್ಲಿ ಅನುಮತಿ ಪಡೆದು ಇಟ್ಟಿಗೆ ಗೂಡಿಗೆ ಮಣ್ಣು ಹೊಡೆಯುವವರಿದ್ದಾರೆ. ಲೋಡು ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ಊರಿನವರೇ ನೋಡಬೇಕು.

ಹಳೆಯ ಕಲ್ಲಿನ ತೂಬು ಕಿತ್ತು ಗೇಟು ಹಾಕಿಸುತ್ತಾರಂತೆ. ಒಪ್ಪಬಹುದೇ?

ಅವಸರ ಬೇಡ. ಹಳೆಯ ತೂಬನ್ನು ಒಮ್ಮೆ ಹತ್ತಿರ ಹೋಗಿ ನೋಡಿ. ನೀರಿನೊಳಗೆ ಎರಡು ಉದ್ದದ ಕಲ್ಲುಕಂಬ, ಅವುಗಳ ನಡುವೆ ಅಡ್ಡ ಚಪ್ಪಡಿಗಳು, ಪ್ರತಿ ಚಪ್ಪಡಿಯಲ್ಲೂ ನೇರ ಒಂದರ ಕೆಳಗೊಂದು ತೂತು. ಆ ತೂತುಗಳಲ್ಲಿ ಇಳಿಬಿಟ್ಟ ಗಳುವಿನ ತುದಿಗೆ ಬೆಣೆ. ಬೆಣೆ ಮೇಲೆತ್ತಿದರೆ ತಳದ ಕಲ್ಲಿನ ಕಂಡಿಯಿಂದ ನೀರು ಏರಿಯಡಿಯ ಕಾಲುವೆಗೆ ಇಳಿಯುತ್ತದೆ. ತುಕ್ಕು ಹಿಡಿಯುವ ಭಾಗ ಕಡಿಮೆ, ಕದ್ದು ಗುಜರಿಗೆ ಹಾಕುವಂಥದ್ದೂ ಹೆಚ್ಚಿಲ್ಲ. ಸೋರಿಕೆ ಬರುವುದು ಹೆಚ್ಚಾಗಿ ಬೆಣೆ ಸವೆದು, ಅಥವಾ ಏರಿಯಡಿಯ ಕಲ್ಲುಗಳ ಸಂದಿನ ಗಾರೆ ಹೋಗಿ. ಎರಡನ್ನೂ ರಿಪೇರಿ ಮಾಡಬಹುದು.

ಹೊಸ ಗೇಟು ತಪ್ಪಲ್ಲ. ಆದರೆ ಅದಕ್ಕಾಗಿ ಏರಿ ಕಡಿದು, ಪೈಪು ಕೂರಿಸಿ, ಮಣ್ಣನ್ನು ಹಾಗೇ ಸುರಿದು ಮುಚ್ಚಿದರೆ ಏರಿ ಮುಂದಿನ ಮಳೆಗೆ ಅದೇ ಜಾಗದಲ್ಲಿ ಒಡೆಯುತ್ತದೆ. ಪದರ ಪದರವಾಗಿ ನೀರು ಹಾಕಿ ದಿಮ್ಮಿಸುವುದನ್ನು ಎದುರಿಗೆ ನಿಂತು ನೋಡಿ.

ಕೋಡಿಗೆ ಒಂದೆರಡು ಸಾಲು ಮರಳು ಚೀಲ ಇಟ್ಟರೆ ಇನ್ನಷ್ಟು ನೀರು ನಿಲ್ಲುತ್ತದಲ್ಲ?

ಇಡಬೇಡಿ. ಕೋಡಿಯ ಮಟ್ಟವನ್ನು ಏರಿಯ ಎತ್ತರ ನೋಡಿಯೇ ಇಟ್ಟಿರುತ್ತಾರೆ. ಕೋಡಿ ಎತ್ತರಿಸಿದರೆ ನೀರು ಏರಿಯ ತಲೆಗೆ ಹತ್ತಿರವಾಗುತ್ತದೆ. ಮಣ್ಣಿನ ಏರಿ ಮೇಲೆ ನೀರು ಒಮ್ಮೆ ಹತ್ತಿ ಹರಿಯಿತೆಂದರೆ ಗಂಟೆಗಳಲ್ಲಿ ಕತೆ ಮುಗಿಯುತ್ತದೆ. ಆಮೇಲೆ ಕೆಳಗಿನ ಕೆರೆಯೂ ಆ ಹೊಡೆತ ತಾಳುವುದಿಲ್ಲ, ನಮ್ಮಲ್ಲಿ ಕೆರೆಗಳು ಸರಣಿಯಲ್ಲಿವೆ. ಮೀನು ಗುತ್ತಿಗೆದಾರರು ಮೀನು ಕೊಚ್ಚಿಹೋಗದಿರಲಿ ಎಂದು ಕೋಡಿಗೆ ಕಟ್ಟುವ ಬಲೆಯೂ ಅಷ್ಟೇ ಅಪಾಯ. ಕಸಕಡ್ಡಿ, ಜೊಂಡು ಸಿಕ್ಕಿಕೊಂಡು ಬಲೆಯೇ ಗೋಡೆಯಾಗುತ್ತದೆ. ಏರಿ ಮೇಲೆ ಬೆಳೆದ ಆಲ, ಅರಳಿ ಸಸಿಗಳನ್ನೂ ಚಿಕ್ಕದಿರುವಾಗಲೇ ಕೀಳಿ. ಬೇರು ಸತ್ತ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ.

ತೂಬು ಮುಚ್ಚಿಬಿಟ್ಟು ನೀರೆಲ್ಲ ಇಂಗಿಸಿದರೆ ಬೋರ್‌ವೆಲ್‌ಗಳಿಗೆ ನೀರು ಬರುತ್ತದೆ. ಹಾಗೆ ಮಾಡಬಹುದೇ?

ಊರು ಒಡೆಯುವ ಪ್ರಶ್ನೆ ಇದು. ಇದಕ್ಕೆ ಇಂಜಿನಿಯರ್ ಉತ್ತರ ಕೊಡಲಾರರು.

ತೂಬು ಮುಚ್ಚಿದರೆ ಅಂತರ್ಜಲ ಏರುತ್ತದೆ, ನಿಜ. ಕೆರೆಯ ಸುತ್ತಮುತ್ತ ಬತ್ತಿದ ತೆರೆದ ಬಾವಿಗಳಲ್ಲೂ ನೀರು ಕಾಣಿಸಬಹುದು. ಆದರೆ ಆ ನೀರು ಯಾರದಾಯಿತು? ತೂಬಿನ ನೀರು ಅಚ್ಚುಕಟ್ಟಿನಲ್ಲಿ, ಎಂದರೆ ಕೆರೆಯ ನೀರು ಹಾಯುವ ಜಮೀನಿನಲ್ಲಿ, ಅರ್ಧ ಎಕರೆ ಗದ್ದೆ ಇದ್ದವನಿಗೂ ಸರದಿಯಂತೆ ಸಿಗುತ್ತಿತ್ತು. ಇಂಗಿದ ನೀರು ಬೋರ್ ಕೊರೆಸಲು, ಮೋಟರ್ ಇಳಿಸಲು ದುಡ್ಡಿದ್ದವನಿಗೆ ಸಿಗುತ್ತದೆ. ಸಭೆಯಲ್ಲಿ 'ಇಂಗಿಸೋಣ' ಎಂದು ಮೊದಲು ಕೈಯೆತ್ತುವವರು ಯಾರು, ಸುಮ್ಮನೆ ಕೂತವರು ಯಾರು ಎಂದು ಗಮನಿಸಿ.

ಹಾಗೆಂದು ಹಳೆಯ ಪದ್ಧತಿಗೇ ಅಂಟಿಕೊಳ್ಳಿ ಎನ್ನುತ್ತಿಲ್ಲ. ವರ್ಷಕ್ಕೊಮ್ಮೆ ತುಂಬುತ್ತಿದ್ದ ಕೆರೆ ಈಗ ಐದಾರು ವರ್ಷಕ್ಕೊಮ್ಮೆ ತುಂಬುತ್ತಿದ್ದರೆ ಆ ನೀರನ್ನು ನಂಬಿ ಯಾರೂ ಭತ್ತ ನೆಡಲಾರರು. ಅರ್ಧ ತುಂಬಿದ ವರ್ಷ ತೂಬು ಎತ್ತುವುದಿಲ್ಲ, ದನಕರುಗಳಿಗೆ ಮತ್ತು ಇಂಗುವುದಕ್ಕೆ ಮಾತ್ರ. ಕೋಡಿ ಬಿದ್ದ ವರ್ಷ ತೂಬು ಎತ್ತುತ್ತೇವೆ, ರಾಗಿ ಅಥವಾ ಕಡಿಮೆ ನೀರಿನ ಬೆಳೆಗೆ ಮಾತ್ರ ಎಂದು ಮೊದಲೇ ಗ್ರಾಮಸಭೆಯಲ್ಲಿ ಬರೆಸಿಕೊಳ್ಳಬಹುದು. ಜೊತೆಗೆ ಏರಿಯ ಹಿಂದೆಯೇ ಹೊಸ ಬೋರ್ ಕೊರೆಯುವುದಿಲ್ಲ ಎಂಬ ಮಾತೂ ಇರಬೇಕು. ಈ ಎರಡನೆಯ ಮಾತಿಲ್ಲದೆ ಮೊದಲನೆಯದು ಅನ್ಯಾಯ.

ಹಿಂದೆ ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಿದ್ದರು?

ನೀರು ಬಿಡುವುದು, ಸರದಿ ನೋಡುವುದು ನೀರಗಂಟಿಯ ಕೆಲಸ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರು ಕಾಳು ಕೊಡುತ್ತಿದ್ದರು. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿಸಿದವರಿಗೆ ಬಿಟ್ಟ ಜಮೀನಿಗೆ ಶಾಸನಗಳಲ್ಲಿ ದಶವಂದ, ಕಟ್ಟುಕೊಡಗಿ, ಬಿತ್ತುವಟ್ಟ ಎಂಬ ಹೆಸರುಗಳು ಸಿಗುತ್ತವೆ. ಎಂದರೆ, ನಿರ್ವಹಣೆಯ ಖರ್ಚಿಗೆ ಕೆರೆಯ ಕೆಳಗಿನ ನೆಲದಿಂದಲೇ ಆದಾಯ ಕಟ್ಟಿಡುತ್ತಿದ್ದರು. ಈಗಿನ ಯೋಜನೆಗಳಲ್ಲಿ ಕಟ್ಟುವುದಕ್ಕೆ ಹಣ ಇರುತ್ತದೆ, ಮರುವರ್ಷ ಬೆಣೆ ಬದಲಿಸಲು ಇರುವುದಿಲ್ಲ.

ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನವಿದೆ, 1369ರದ್ದು. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಎಂದು ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಪಟ್ಟಿಮಾಡಿದ್ದಾರೆ. ಏರಿ ಜಿನುಗುವುದು ಒಂದು ದೋಷ, ಚೌಳು ನೆಲ ಇನ್ನೊಂದು; ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷವೇ. ಎರಡು ಇಲಾಖೆಗಳ ನಡುವೆ ಸಿಕ್ಕಿದ ಕೆರೆ ನಿಮ್ಮೂರಲ್ಲಿದ್ದರೆ ಈ ಕೊನೆಯದು ಬೇಗ ಅರ್ಥವಾದೀತು. 1866ರಲ್ಲಿ ಬ್ರಿಟಿಷ್ ಇಂಜಿನಿಯರ್ ಮೇಜರ್ ಸ್ಯಾಂಕಿ ಮೈಸೂರು ಸೀಮೆಯ ಕೆರೆಗಳನ್ನು ನೋಡಿ, ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದಿಟ್ಟ. ಅಷ್ಟು ಒತ್ತಾಗಿ ಕಟ್ಟಿದ್ದರು. ರಾಜ್ಯದಲ್ಲಿ ಇಂದಿಗೂ 36 ಸಾವಿರಕ್ಕೂ ಹೆಚ್ಚು ಕೆರೆಗಳು ಲೆಕ್ಕದಲ್ಲಿವೆ. ಲೆಕ್ಕದಲ್ಲಿ ಎಂಬುದನ್ನು ಗಮನಿಸಿ.

ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗೂ ಬಂದಿದೆ. ಬಳಸಬಹುದೇ?

ಕೆ.ಸಿ. ವ್ಯಾಲಿ ಎಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ ಕೋಲಾರ ಭಾಗದ 126 ಕೆರೆಗಳಿಗೆ ತುಂಬಿಸುವ ಯೋಜನೆ ಇದು. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಮರು ತಿಂಗಳೇ ನೊರೆ ಕಾಣಿಸಿ ಗಲಾಟೆಯಾಯಿತು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡನ್ನೂ ಹತ್ತಿ ಇಳಿಯಿತು.

ಎರಡನೇ ಹಂತ ಎಂದರೆ ಕೊಳೆಯುವ ವಸ್ತು, ತೇಲುವ ಕಣಗಳ ಬಹುಪಾಲು ಹೋಗಿರುತ್ತದೆ. ಸಾರಜನಕ, ರಂಜಕ ಸಾಕಷ್ಟು ಉಳಿದಿರುತ್ತವೆ, ರೋಗಾಣುಗಳು ಪೂರ್ತಿ ಹೋಗಿರುವುದಿಲ್ಲ. ಆದ್ದರಿಂದ ಈ ನೀರನ್ನು ನೇರವಾಗಿ ಕುಡಿಯುವಂತಿಲ್ಲ. ಇದರ ಉದ್ದೇಶ ಅಂತರ್ಜಲ ಮರುಪೂರಣ. ಬತ್ತಿದ ಬೋರ್‌ಗಳಿಗೆ ನೀರು ಬಂದದ್ದನ್ನು ಕೋಲಾರದ ರೈತರು ಕಣ್ಣಾರೆ ಕಂಡಿದ್ದಾರೆ, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಮೂರನೇ ಹಂತದ ಸಂಸ್ಕರಣೆ ಬೇಕೆಂದು ಜಿಲ್ಲೆಯವರು ಕೇಳುತ್ತಿರುವುದೂ ಅಷ್ಟೇ ನ್ಯಾಯ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಒಪ್ಪಿಕೊಂಡ ಊರಿಗೆ ಶುದ್ಧಿಯ ಖರ್ಚು ಉಳಿಸುವ ನೆಪ ಹೇಳಬಾರದು. ಈ ಕೆರೆಗಳ ಆಸುಪಾಸಿನ ಕುಡಿಯುವ ನೀರಿನ ಬೋರ್‌ಗಳನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ. ವರದಿಯಲ್ಲಿ ನೈಟ್ರೇಟ್ ಮತ್ತು ಫ್ಲೋರೈಡ್ ನೋಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದು ಆಳದ ಬೋರ್‌ಗಳ ಹಳೆಯ ಕಾಟ, ಕೆ.ಸಿ. ವ್ಯಾಲಿಯದಲ್ಲ.

ಕೆರೆಯಂಗಳದ ಜಾಲಿ ಮರಗಳನ್ನೆಲ್ಲ ಕಡಿಸಬೇಕೇ?

ಬಳ್ಳಾರಿ ಜಾಲಿಯನ್ನು ಬೇರು ಸಮೇತ ಕೀಳಿಸಿ. ಬುಡ ಕಡಿದು ಬಿಟ್ಟರೆ ಎರಡರಷ್ಟು ಚಿಗುರುತ್ತದೆ. ಸಾಮಾಜಿಕ ಅರಣ್ಯದ ಕಾಲದಲ್ಲಿ ನೆಟ್ಟ ಕರಿಜಾಲಿಯ ವಿಷಯ ಬೇರೆ, ಮೊದಲು ತಲೆಯೆತ್ತಿ ನೋಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಊರ ನೀರಾವರಿ ಕೆರೆಯೇ. ಅಲ್ಲಿ ನೀರಿನ ನಡುವೆ ನಿಂತ ಜಾಲಿ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಇವೆರಡೂ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದವು. ಗೂಡಿದ್ದರೆ ಮರ ಬಿಡಿ, ದಂಡೆಯ ತೆಳುನೀರಿನ ಭಾಗವನ್ನೂ ಬಿಡಿ. ಕಾಲುದ್ದದ ಹಕ್ಕಿಗಳಿಗೆ ಆಳದ ನೀರು ಪ್ರಯೋಜನವಿಲ್ಲ. ನೀಲಗಿರಿಯ ಬಗ್ಗೆ ಕೇಳುವುದೇ ಬೇಡ, ಹೊಸದಾಗಿ ನೆಡುವುದನ್ನು ಸರ್ಕಾರವೇ 2017ರಲ್ಲಿ ನಿಷೇಧಿಸಿದೆ.

ಮೊದಲ ಮಳೆಗೆ ಮೀನು ಸತ್ತು ತೇಲಿದವು. ಯಾರಾದರೂ ವಿಷ ಹಾಕಿದರೇ?

ಹಾಕಿರಬಹುದು. ಆದರೆ ಹೆಚ್ಚಿನ ಸಲ ಕಾರಣ ಆಮ್ಲಜನಕ. ಬೇಸಿಗೆಯಿಡೀ ಚರಂಡಿಯಲ್ಲಿ ಕೂತ ಕೊಳೆ ಮೊದಲ ಮಳೆಗೆ ಒಟ್ಟಿಗೆ ಕೆರೆಗೆ ಬರುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಇದೇ ಲಕ್ಷಣ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತದ್ದು ಸುದ್ದಿಯಾಗಿತ್ತು. ಬೆಳ್ಳಂದೂರಿನ ನೊರೆ, ಬೆಂಕಿಯ ಮೂಲವೂ ಒಳಬರುವ ಕೊಳಚೆಯೇ. ನೀರ ಮೇಲೆ ತೇಲುವ ಅಂತರಗಂಗೆ ಕಳೆ ಬೆಳೆಯುವುದೂ ಅದರಿಂದಲೇ. ಎಷ್ಟು ಸಲ ತೆಗೆಸಿದರೂ ಚರಂಡಿ ತಿರುಗಿಸದಿದ್ದರೆ ಮತ್ತೆ ಬರುತ್ತದೆ.

ಗಣಪತಿ ಬಿಡಬಹುದೇ?

ಬಣ್ಣವಿಲ್ಲದ ಮಣ್ಣಿನ ಗಣಪ, ಹೂವು ತೆಗೆದು. ಪ್ಲಾಸ್ಟರ್ ಗಣಪ ಬೇಡವೇ ಬೇಡ.

ಒತ್ತುವರಿಯಾಗಿದೆ ಎಂದು ಹೇಗೆ ತಿಳಿಯುವುದು? ಯಾರಿಗೆ ದೂರು ಕೊಡುವುದು?

ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಕೆರೆಯ ಸುತ್ತ ನಡೆಯಿರಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದು ಸುಳಿವು ಮಾತ್ರ, ಸಾಕ್ಷ್ಯವಲ್ಲ. ಗ್ರಾಮ ನಕ್ಷೆ, ಆಕಾರ್ ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣದ ದಾಖಲೆ), ಕೆರೆಯ ಮತ್ತು ಪಕ್ಕದ ಜಮೀನುಗಳ ಪಹಣಿ ತೆಗೆಸಿ, ವಿಸ್ತೀರ್ಣ ಹೋಲಿಸಿ. ಕಾಲುವೆಗಳನ್ನು ಮರೆಯಬೇಡಿ, ಪಹಣಿಯಲ್ಲಿ ಅವು 'ಬ' ಖರಾಬಿನಲ್ಲಿ, ಎಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗದ ಲೆಕ್ಕದಲ್ಲಿ, ಅಡಗಿರುತ್ತವೆ. ಆಮೇಲೆ ಅಳತೆ ಮಾಡಿ ಹದ್ದುಬಸ್ತು (ಗಡಿ ಗುರುತು) ಮಾಡಿಕೊಡುವಂತೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಂಚಾಯಿತಿಯ ನಿರ್ಣಯ ಜೊತೆಗಿದ್ದರೆ ಕಡತ ಬೇಗ ಓಡುತ್ತದೆ.

ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಕೆರೆ ಜಿಲ್ಲಾ ಪಂಚಾಯಿತಿಯದು, 40ರಿಂದ 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆಯದು. ಅರ್ಜಿಯ ಪ್ರತಿ ಅವರಿಗೂ ಹೋಗಲಿ. ಊರ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ. ಹೆಸರು ಬರೆಯಬೇಡಿ, ಸರ್ವೆ ನಂಬರ್ ಬರೆಯಿರಿ. ಹೆಸರು ಬರೆದರೆ ಜಗಳ ಮನೆಗೆ ಬರುತ್ತದೆ.

ಕೆರೆಯಿಂದ ಎಷ್ಟು ದೂರ ಕಟ್ಟಡ ಕಟ್ಟಬಾರದು? 75 ಮೀಟರ್ ಎನ್ನುತ್ತಾರಲ್ಲ?

ಅದು ಬೆಂಗಳೂರಿನ ಕೆರೆಗಳ ಬಗ್ಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದುಮಾಡಿ, ಮಾಸ್ಟರ್ ಪ್ಲಾನಿನಲ್ಲಿದ್ದ 30 ಮೀಟರ್‌ಗೇ ಬಂತು. ಈ ನಿಯಮಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ. ಸೈಟು ಕೊಳ್ಳುವ ಮುಂಚೆ ಸ್ಥಳೀಯ ಯೋಜನಾ ಪ್ರಾಧಿಕಾರದಲ್ಲಿ ಲಿಖಿತವಾಗಿ ಕೇಳಿ.

ಒಂದು ಭಾನುವಾರ ಹತ್ತು ಜನ ಸೇರುತ್ತೇವೆ. ಏನು ಮಾಡಲಿ?

ಗಿಡ ನೆಡಬೇಡಿ, ಬ್ಯಾನರ್ ಮಾಡಿಸಬೇಡಿ. ಮೇ ತಿಂಗಳಲ್ಲಾದರೆ ಸನಿಕೆ, ಗುದ್ದಲಿ ಹಿಡಿದು ಕಾಲುವೆಯ ಮೇಲಿನ ರಸ್ತೆ ಮೋರಿಗಳನ್ನು ಬಿಡಿಸಿ. ಒಂದು ಮೋರಿಗೆ ನಾಲ್ಕು ಜನ ಸಾಕು. ತೆಗೆದ ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಹಾಕಬೇಡಿ, ಮಳೆಗೆ ಮತ್ತೆ ಅಲ್ಲೇ ಇಳಿಯುತ್ತದೆ. ಉಳಿದವರು ಏರಿಯ ಎರಡೂ ಬದಿ ನಡೆದು ಇಲಿ, ಹೆಗ್ಗಣದ ಬಿಲ, ಒದ್ದೆ ಕಲೆ, ಬಿರುಕು ಗುರುತಿಸಿ ಫೋಟೋ ತೆಗೆದು, ಕೆರೆ ಯಾರದೋ ಆ ಕಚೇರಿಗೆ ಮುಟ್ಟಿಸಲಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಾದರೆ ಕೋಡಿಯ ಬಾಯಿಯ ಕಸ ತೆಗೆಯಿರಿ. ಒಬ್ಬರು ಹಗ್ಗ ಹಿಡಿದು ದಂಡೆಯಲ್ಲೇ ಇರಲಿ, ನೀರು ಹರಿಯುತ್ತಿದ್ದರೆ ಯಾರೂ ಇಳಿಯುವುದು ಬೇಡ.